ಓದದೆ ಹೊದಿಸಿದ ಶಾಲು

2025ರ ಜೂನ್ ತಿಂಗಳಿನ ಒಂದು ಭಾನುವಾರ. ಮಿರಗದ ಮಳೆ ಬಿದ್ದು ಭಾಲ್ಕಿ ಸುತ್ತಿನ ಹೊಲಗಳಲ್ಲಿ ತೊಗರಿ, ಉದ್ದು, ಸೋಯಾ ಬಿತ್ತನೆಯ ಗಡಿಬಿಡಿ. ಊರೊಳಗೆ ನಮ್ಮ ಹೆಣ್ಣುಮಕ್ಕಳ ಬಳಗದ ತಿಂಗಳ ಸಭೆ. ಅರವತ್ತು ಜನ ಕೂಡಿದ್ದರು. ಹಾಡಾಯಿತು, ರಂಗೋಲಿ ಸ್ಪರ್ಧೆಯ ಬಹುಮಾನ ಕೊಟ್ಟಾಯಿತು. ಆಮೇಲೆ ಅಧ್ಯಕ್ಷೆಯವರು ನನ್ನ ಕಿವಿಯ ಹತ್ತಿರ ಬಾಗಿ, "ಟೀಚರ್, ಆ ಹಾಸನದ ಬಾಯಿಗೆ ದೊಡ್ಡ ಪ್ರಶಸ್ತಿ ಬಂದದಲ್ಲಾ, ಅದರ ಮ್ಯಾಲ ಐದು ನಿಮಿಷ ಮಾತಾಡ್ರಿ. ಜಾಸ್ತಿ ಬ್ಯಾಡ, ಸುಶೀಲಾ ಆರಲತ್ತದ" ಎಂದರು.

ನಾನು ಎದ್ದು ನಿಂತು ಮೊದಲು ಒಂದು ಪ್ರಶ್ನೆ ಕೇಳಿದೆ. ಮೂವತ್ತು ವರ್ಷ ಪಾಠ ಹೇಳಿದವಳ ಚಟ ಅದು, ಬಿಡುವುದಿಲ್ಲ. "ಬಾನು ಮುಷ್ತಾಕ್ ಅವರ ಒಂದಾದರೂ ಕತೆ ಓದಿದವರು ಕೈ ಎತ್ತಿರಿ" ಎಂದೆ. ಒಂದೂ ಕೈ ಏಳಲಿಲ್ಲ. ಅಮ್ಮನ ಜೊತೆ ಬಂದಿದ್ದ ಕಾಲೇಜಿನ ಹುಡುಗಿಯೊಬ್ಬಳು ಕೈಯನ್ನು ಎದೆಯ ಮಟ್ಟಕ್ಕೆ ತಂದು, ಸುತ್ತ ನೋಡಿ ಮತ್ತೆ ಇಳಿಸಿದಳು. ಆದರೆ ಅಭಿನಂದನೆಯ ನಿರ್ಣಯ ಆಗಲೇ ಬರೆದು ತಯಾರಾಗಿತ್ತು. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ಸುಶೀಲಾ ತಿನ್ನುವಾಗ ನಿಜವಾದ ಸಭೆ ಶುರುವಾಯಿತು. ಅಲ್ಲಿ ಬಂದ ಮಾತುಗಳಿಗೆ ಅವತ್ತು ನನ್ನ ಬಾಯಲ್ಲಿ ಉತ್ತರ ಬರಲಿಲ್ಲ. ಮನೆಗೆ ಬಂದು ಪಾತ್ರೆ ತೊಳೆಯುವಾಗ ಬಂತು. ನಮ್ಮಂಥವರಿಗೆ ಉತ್ತರಗಳು ಬರುವುದು ಬಚ್ಚಲಿನ ಹತ್ತಿರವೇ. ಅವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಮಾತು ಆಡಿದವರು ನಾನು ವೈನಿ ಎಂದು ಕರೆಯುವ ಹಿರಿಯರು. ಮನಸ್ಸು ಒಳ್ಳೆಯದು, ನಾಲಿಗೆ ಖಡಕ್. "ಅವರ ಮಂದಿ ಕತಿ ಅವರು ಬರದಾರ. ನಮಗೇನದ ಅದರಾಗ?" ಎಂದರು. ಎರಡನೆಯವರು, "ಮನಿ ಒಳಗಿಂದು ಬೀದಿಗಿ ತರಬಾರದು ನೋಡ್ರಿ, ಹೆಣ್ಣಾದಕಿ" ಎಂದರು. ಮೂರನೆಯ ಮಾತು ಒಬ್ಬರು ಉಪನ್ಯಾಸಕರದು, ಹೆಂಡತಿಯನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದರು. "ಇಂಗ್ಲಿಷಿಗೆ ಹೋದುದಕ್ಕೆ ಬಂತು ಮೇಡಂ. ಕಲೆಯ ದೃಷ್ಟಿಯಿಂದ ಹೇಳುವುದಾದರೆ ಸಾದಾ ಕತೆಗಳು. ಯಾರ ಪ್ರಭಾವವೂ ಕಾಣುವುದಿಲ್ಲ" ಎಂದರು. ಅವರು ಎಷ್ಟು ಕತೆ ಓದಿದ್ದರೋ ನಾನು ಕೇಳಲಿಲ್ಲ. ಕೇಳಬೇಕಿತ್ತು.

ಕೊನೆಯ ಮಾತಿನಿಂದಲೇ ಹಿಡಿಯುತ್ತೇನೆ, ಏಕೆಂದರೆ ಅದು ಓದಿದವರ ಬಾಯಿಂದ ಬಂದದ್ದು. ಪ್ರಭಾವ ಎಂದರೇನು? ನಮ್ಮ ಬಿ.ಎ. ದಿನಗಳಲ್ಲಿ ಪ್ರಭಾವ ಎಂದರೆ ಒಂದು ಇಂಗ್ಲಿಷ್ ಹೆಸರು, ಇಲ್ಲವೇ ಒಂದು ಫ್ರೆಂಚ್ ಹೆಸರು. ಉತ್ತರ ಪತ್ರಿಕೆಯಲ್ಲಿ ಆ ಹೆಸರು ಬರೆದರೆ ಎರಡು ಅಂಕ. ಒಬ್ಬ ಹೆಣ್ಣುಮಗಳು ಹಿತ್ತಲ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡದ್ದು ಪ್ರಭಾವ ಎನಿಸುವುದಿಲ್ಲ. ಕಚೇರಿಗೆ ಬಂದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಹೇಳಿದ್ದೂ ಎನಿಸುವುದಿಲ್ಲ.

ಬಾನು ಅವರು ಹುಟ್ಟಿದ್ದು 1948ರಲ್ಲಿ, ಹಾಸನದಲ್ಲಿ. ಮನೆಯ ಮಾತು ದಖನಿ ಉರ್ದು. ತಂದೆ ಆರೋಗ್ಯ ಇಲಾಖೆಯಲ್ಲಿದ್ದವರು. ಮಗಳಿಗೆ ಎಂಟು ವರ್ಷವಾದಾಗ ಶಿವಮೊಗ್ಗದ ಕನ್ನಡ ಶಾಲೆಗೆ ಕರೆದುಕೊಂಡು ಹೋದರು. ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಕಲಿತರೆ ಮಾತ್ರ ಇಟ್ಟುಕೊಳ್ಳುತ್ತೇವೆ ಎಂದು ಶಾಲೆಯವರು ಷರತ್ತು ಹಾಕಿದರು. ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಈ ಸಂಗತಿಯನ್ನು ನಾನು ಮೊದಲು ಓದಿದಾಗ ಪುಸ್ತಕ ಕೆಳಗಿಟ್ಟು ಸುಮ್ಮನೆ ಕೂತೆ. ಕಾರಣ ಹೇಳುತ್ತೇನೆ.

ನಮ್ಮ ಭಾಲ್ಕಿಯಲ್ಲಿ ಒಂದು ಕತೆಯನ್ನು ಹೇಳದೆ ಕನ್ನಡ ರಾಜ್ಯೋತ್ಸವ ಮುಗಿಯುವುದಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಾಲೆ ನಡೆಸುವುದು ಕಷ್ಟವಿದ್ದಾಗ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಪಾಠ ಹೇಳಿಸಿದರು. ನಾನೇ ನವೆಂಬರ್ ಒಂದರ ಭಾಷಣಕ್ಕೆ ಎಷ್ಟೋ ಮಕ್ಕಳಿಗೆ ಇದನ್ನು ಬರೆದುಕೊಟ್ಟಿದ್ದೇನೆ. ಹೇಳುವಾಗ ಮಕ್ಕಳ ಕಣ್ಣು ಅರಳುತ್ತವೆ. ಹಾಸನದ ಆ ಹುಡುಗಿಯದು ಇದೇ ಕತೆ, ತಿರುವಿ ಹಾಕಿದ್ದು. ಒಳಗೆ ಉರ್ದು, ಹೊರಗೆ ಕನ್ನಡ. ಪಟ್ಟದ್ದೇವರ ಕತೆಗೆ ಚಪ್ಪಾಳೆ ಹೊಡೆಯುವ ಊರು ಈ ಹುಡುಗಿಯ ಕತೆಗೆ "ಅವರ ಮಂದಿ" ಎನ್ನುವುದು ಹೇಗೆ?

ಇನ್ನು ನನ್ನ ಸ್ವಂತ ಪಾಪ. ನಮ್ಮ ಬೀದರ ಸೀಮೆಯ ಕನ್ನಡ ಹೇಗಿದೆ ಎಂದು ನಿಮಗೆ ಗೊತ್ತು. ಜರಾ, ಬರಾಬರ್, ಖಾಲಿಪೀಲಿ, ಜಲ್ದಿ ಇಲ್ಲದೆ ಲಿಂಗಾಯತರ ಮನೆಯಲ್ಲೂ ಹೊತ್ತು ಹೋಗುವುದಿಲ್ಲ. ಮರಾಠಿಯ ಮಾತು ಬೇರೆ. ಮಕ್ಕಳು ನಿಬಂಧದಲ್ಲಿ ಹಾಗೇ ಬರೆಯುತ್ತಿದ್ದರು. ನಾನು ಕೆಂಪು ಪೆನ್ನು ಹಿಡಿದು 'ಬರಾಬರ್' ಹೊಡೆದು 'ಸರಿಯಾಗಿ' ಎಂದು ತಿದ್ದಿದೆ. 'ಜಲ್ದಿ' ಹೊಡೆದು 'ಬೇಗನೆ' ಮಾಡಿದೆ. ಹಿಂದೊಮ್ಮೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ಮನೆಯಲ್ಲಿ ದಖನಿ ಆಡುವವಳು, ತನ್ನ ನಾನಿಯ ಮೇಲೆ ಎರಡು ಪುಟ ಬರೆದಳು. ನಾನು 'ನಾನಿ'ಯನ್ನೂ ಹೊಡೆದು 'ಅಜ್ಜಿ' ಎಂದು ಬರೆದೆ. ಮುಂದಿನ ನಿಬಂಧ ಅವಳು ಗೋವಿನ ಮೇಲೆ ಬರೆದಳು. ಗೈಡಿನಿಂದ ಇಳಿಸಿದ್ದು. ಒಂದೂ ತಪ್ಪಿರಲಿಲ್ಲ, ನಾನು ಹತ್ತಕ್ಕೆ ಎಂಟು ಕೊಟ್ಟೆ.

ಬಾನು ಅವರ ಕತೆಗಳನ್ನು ಇಂಗ್ಲಿಷಿಗೆ ತಂದವರು ಮಡಿಕೇರಿಯ ದೀಪಾ ಭಾಸ್ತಿ. ಮೂಲದ ಕನ್ನಡ, ಉರ್ದು, ಅರಬಿ ಮಾತುಗಳನ್ನು ಅವರು ಓರೆ ಅಕ್ಷರದಲ್ಲಿ ಅಚ್ಚು ಹಾಕಿಸದೆ, ಅಡಿಟಿಪ್ಪಣಿಯನ್ನೂ ಕೊಡದೆ ಇದ್ದ ಹಾಗೆಯೇ ಬಿಟ್ಟರು. ಹಾಗೇಕೆ ಮಾಡಿದೆನೆಂದು ಪುಸ್ತಕದಲ್ಲೇ ಬರೆದಿದ್ದಾರೆ. ಲಂಡನ್ನಿನ ಓದುಗರು ಆ ಮಾತುಗಳನ್ನು ಹಾಗೇ ಓದಿಕೊಂಡರು. ಭಾಲ್ಕಿಯ ಕನ್ನಡ ಟೀಚರಿಗೆ ಮಾತ್ರ 'ನಾನಿ' ಅರ್ಥವಾಗಿರಲಿಲ್ಲ.

ಪ್ರಭಾವದ ಮಾತು ಮುಂದುವರಿಸುತ್ತೇನೆ. ಬಾನು ಅವರ ಮೊದಲ ಕತೆ ಬಂದದ್ದು 'ಪ್ರಜಾಮತ'ದಲ್ಲಿ, ಇಪ್ಪತ್ತೈದು ದಾಟಿದ ಮೇಲೆ. ತಾವು ಮೆಚ್ಚಿದವರನ್ನೇ ಮದುವೆಯಾಗಿದ್ದರು. ಆದರೂ ಮೊದಲ ಬಾಣಂತನದ ಹೊತ್ತಿನ ಕತ್ತಲೆ ಅವರನ್ನು ಬೆಂಕಿಕಡ್ಡಿಯವರೆಗೆ ಕರೆದೊಯ್ದಿತ್ತು. ಗಂಡ ತಡೆದು, ಮಗುವನ್ನು ಕಾಲ ಬಳಿ ಇಟ್ಟು ಬೇಡಿಕೊಂಡರು ಎಂದು ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ದಲಿತರ, ರೈತರ ಚಳವಳಿಗಳು ಬೀದಿಯಲ್ಲಿದ್ದವು. 1980ರಲ್ಲಿ 'ಲಂಕೇಶ್ ಪತ್ರಿಕೆ' ಶುರುವಾಯಿತು. ವಿಜಾಪುರದಲ್ಲಿ ಮುಸ್ಲಿಂ ಹೆಣ್ಣುಮಕ್ಕಳು ಸಿನಿಮಾ ನೋಡಬಾರದೆಂಬ ಕಟ್ಟಳೆ ಎದ್ದಾಗ ಬಾನು ಆ ಪತ್ರಿಕೆಗೆ ಬರೆದರು. 1981ರಿಂದ 1990ರವರೆಗೆ ಅದರ ವರದಿಗಾರ್ತಿಯಾಗಿದ್ದರು. ಹಾಸನದ ನಗರಸಭೆಗೆ ಆರಿಸಿ ಬಂದರು. ಮುಂದೆ ಕರಿ ಕೋಟು ಹಾಕಿ ವಕೀಲರಾದರು. ಇದೇ ಪತ್ರಿಕೆಯಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯಾಗಿ ಬಂದಿತ್ತು. ಪತ್ರಿಕೆ ನಮ್ಮ ಊರಿನ ಬಸ್‌ಸ್ಟ್ಯಾಂಡಿಗೂ ಬರುತ್ತಿತ್ತು. ಹೆಣ್ಣುಮಕ್ಕಳು ಕೊಂಡುಕೊಳ್ಳುವ ಪತ್ರಿಕೆ ಅದಲ್ಲ ಎನ್ನುತ್ತಿದ್ದರು. ಅಣ್ಣ ತಂದದ್ದನ್ನು ನಾನು ಹಾಸಿಗೆಯ ಸುರುಳಿಯೊಳಗೆ ಇಟ್ಟುಕೊಂಡು ಓದುತ್ತಿದ್ದೆ.

ವರದಿಗಾರ್ತಿಯ ಕಣ್ಣು, ವಕೀಲರ ಕಿವಿ, ಮೊಹಲ್ಲಾದ ನಾಲಿಗೆ. ಉಪನ್ಯಾಸಕರಿಗೆ ಕಾಣದ ಪ್ರಭಾವ ಇದೇ. ಆ ಕತೆಗಳ ವಾಕ್ಯಗಳನ್ನು ಗಟ್ಟಿಯಾಗಿ ಓದಿ ನೋಡಿರಿ. ಒಬ್ಬಾಕೆ ಅಳುತ್ತ, ನಡುವೆ ಮಗುವಿನ ಮೂಗು ಒರೆಸುತ್ತ, ಬೈಯುತ್ತ, ದೇವರನ್ನು ಕರೆಯುತ್ತ, ಮತ್ತೆ ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದ ಹಿಡಿದು ಹೇಳಿದ ಹಾಗಿದೆ. ನಮ್ಮ ಊರಿನಲ್ಲಿ ಬಾವಿಯ ಬಳಿ, ಈಗ ನಳದ ಬಳಿ, ಹೆಂಗಸರು ಹೇಳುವುದೂ ಹೀಗೇ. ಅದು ಸಾದಾ ಅನ್ನುವುದಾದರೆ ಒಬ್ಬರು ಹಾಗೆ ಬರೆದು ತೋರಿಸಲಿ.

ಕುರುಡು ಮೆಚ್ಚುಗೆ ನನ್ನದಲ್ಲ. ಕೆಲವು ಕತೆಗಳಲ್ಲಿ ವಕೀಲರ ದನಿ ಕತೆಗಾರ್ತಿಯ ದನಿಯನ್ನು ಮೀರಿ ಹೋಗುತ್ತದೆ. ಕೊನೆಯಲ್ಲಿ ಪಾತ್ರ ಮಾತಾಡಬೇಕಾದ ಕಡೆ ಲೇಖಕಿಯೇ ಎದ್ದು ವಾದ ಮಂಡಿಸುತ್ತಾರೆ. ನನಗೆ ಅದು ಹಿಡಿಸಿಲ್ಲ. ಇಷ್ಟು ಹೇಳುವುದಕ್ಕಾದರೂ ಓದಿರಬೇಕಲ್ಲ! ಇನ್ನು "ಬರೀ ಗೋಳು" ಎನ್ನುವವರು ಗೋಬಿ ಮಂಚೂರಿಗೆ ಮನಸೋತ ಅರಬಿ ಮೇಷ್ಟ್ರ ಕತೆಯನ್ನು ಓದಲಿ. ನಾನು ರಾತ್ರಿ ಹನ್ನೊಂದಕ್ಕೆ ಒಬ್ಬಳೇ ನಕ್ಕು ಯಜಮಾನರ ನಿದ್ದೆ ಕೆಡಿಸಿದ್ದೇನೆ. ನಗುತ್ತಲೇ ಆ ಕತೆ ಎಲ್ಲಿಗೆ ಕರೆದೊಯ್ಯುತ್ತದೆ ಎನ್ನುವುದು ಬೇರೆ ಮಾತು.

"ಇಂಗ್ಲಿಷಿಗೆ ಹೋದುದಕ್ಕೆ ಬಂತು" ಎನ್ನುವ ಮಾತಿಗೆ ಹೆಚ್ಚು ಹೊತ್ತು ಕೊಡುವುದಿಲ್ಲ. 2025ರ ಮೇ 20ರಂದು 'ಹಾರ್ಟ್ ಲ್ಯಾಂಪ್'ಗೆ ಇಂಟರ್‌ನ್ಯಾಷನಲ್ ಬೂಕರ್ ಬಂತು. ಐವತ್ತು ಸಾವಿರ ಪೌಂಡು ಲೇಖಕಿಗೂ ಅನುವಾದಕಿಗೂ ಸಮಪಾಲು. ಸಣ್ಣಕತೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು, ಕನ್ನಡಕ್ಕೂ ಮೊದಲು. ಅದರಲ್ಲಿರುವ ಹನ್ನೆರಡು ಕತೆಗಳು 1990ರಿಂದ 2023ರ ನಡುವೆ ಕನ್ನಡದಲ್ಲಿ ಬರೆದವು. 'ಹೆಜ್ಜೆ ಮೂಡಿದ ಹಾದಿ' 1990ರಲ್ಲಿ, 'ಬೆಂಕಿ ಮಳೆ' 1999ರಲ್ಲಿ, 'ಎದೆಯ ಹಣತೆ' 2004ರಲ್ಲಿ ಬಂದಿದ್ದವು. ಅಂದಿನವರೆಗಿನ ಕತೆಗಳನ್ನು ಕೂಡಿಸಿದ 'ಹಸೀನಾ ಮತ್ತು ಇತರ ಕತೆಗಳು' 2013ರಲ್ಲೇ ಇತ್ತು. ಮೂವತ್ತೈದು ವರ್ಷ ಅವು ನಮ್ಮ ಕೈಗೆ ಸಿಗುವ ಭಾಷೆಯಲ್ಲೇ ಇದ್ದವು. ಇಂಗ್ಲಿಷಿಗೆ ಹೋಗುವವರೆಗೆ ಕಾದವರು ನಾವು.

ಈಗ ವೈನಿಯ ಮಾತು. ಅದೇ ನನ್ನನ್ನು ಹೆಚ್ಚು ಕಾಡಿದ್ದು. "ಅವರ ಮಂದಿ ಕತಿ."

'ಎದೆಯ ಹಣತೆ'ಯನ್ನೇ ತೆಗೆದುಕೊಳ್ಳಿರಿ. ಗಂಡ ಬೇರೊಬ್ಬಳ ಹಿಂದೆ ಹೋದನೆಂದು ಮೆಹರುನ್ ಕೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ತವರಿನಲ್ಲಿ ಯಾರೂ ಅವಳನ್ನು ಎದುರುಗೊಳ್ಳುವುದಿಲ್ಲ. ಮನೆತನದ ಮಾನವೇ ದೊಡ್ಡದು ಎಂದು ಅಣ್ಣತಮ್ಮಂದಿರು ಅವಳನ್ನು ತಿರುಗಿ ಗಂಡನ ಮನೆಗೆ ತಂದು ಬಿಡುತ್ತಾರೆ. ರಾತ್ರಿ ಅವಳು ಮೈಮೇಲೆ ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ತಡೆಯುವವಳು ಹಿರಿಯ ಮಗಳು, ಇನ್ನೂ ಹುಡುಗಿ, ಕೈಯಲ್ಲಿ ಕೂಸು. ವೈನಿ, ಹೆಸರನ್ನು ಬದಲಿಸಿ ಓದಿರಿ. ಮೆಹರುನ್ ಎನ್ನುವ ಕಡೆ ಮಹಾದೇವಿ ಎಂದು ಹಾಕಿರಿ. ಒಂದು ಸಾಲನ್ನಾದರೂ ತಿದ್ದಬೇಕಾಗುತ್ತದೆಯೇ? ಎಂಬತ್ತು, ತೊಂಬತ್ತರ ದಶಕದಲ್ಲಿ ಪೇಪರಿನ ಒಳಪುಟ ತೆರೆದರೆ 'ಸ್ಟೋವ್ ಸ್ಫೋಟ' ಎಂಬ ಸುದ್ದಿ ಕಾಣುತ್ತಿತ್ತು. ಯಾವ ಸ್ಟೋವಾದರೂ ಅತ್ತೆಯನ್ನು ಸುಟ್ಟದ್ದು ನಾವು ಓದಿದ್ದೇವೆಯೇ? ಅವೆಲ್ಲ "ಅವರ ಮಂದಿ" ಮನೆಯ ಸ್ಟೋವುಗಳಾಗಿದ್ದವೇ?

ಇನ್ನೊಂದು ಕತೆ. ಇಫ್ತಿಖಾರ್ ಎಂಬಾತ ಹೆಂಡತಿ ಶಾಯಿಸ್ತಾಳನ್ನು ಹಾಡಿ ಹೊಗಳುತ್ತಾನೆ, ತಾನು ಬಾದಶಹನಾಗಿದ್ದರೆ ಅವಳಿಗೆ ಮಹಲು ಕಟ್ಟಿಸುತ್ತಿದ್ದೆ ಎನ್ನುತ್ತಾನೆ. ಮೇಲಿಂದ ಮೇಲೆ ಹೆತ್ತ ಶಾಯಿಸ್ತಾ ಇನ್ನೊಂದು ಹೆರಿಗೆಯ ನಂತರ ಸಾಯುತ್ತಾಳೆ. ಹೆಚ್ಚು ದಿನ ಕಳೆಯುವುದರೊಳಗೆ ಆತ ಇನ್ನೊಂದು ಮದುವೆ ಮಾಡಿಕೊಳ್ಳುತ್ತಾನೆ. ಇಷ್ಟು ಮಾತ್ರವಾದರೆ ಗಂಡಸರನ್ನು ಹಂಗಿಸುವ ಕತೆಯಾಗುತ್ತಿತ್ತು. ಆದರೆ ಶಾಲೆಯವಳಾದ ನನ್ನ ಕಣ್ಣು ನಿಂತದ್ದು ಹಿರಿಯ ಮಗಳು ಆಸಿಫಾಳ ಮೇಲೆ. ಓದಿನಲ್ಲಿ ಚುರುಕಾದ ಹುಡುಗಿ. ತಮ್ಮಂದಿರು ತಂಗಿಯರನ್ನು ನೋಡಿಕೊಳ್ಳಲು ಶಾಲೆ ಬಿಟ್ಟಿದ್ದಾಳೆ.

ಆಸಿಫಾಳನ್ನು ನಾನು ನೋಡಿದ್ದೇನೆ. ಎಷ್ಟು ಸಲ ಎಂದು ಹೇಳಲಾರೆ. ಹಾಜರಿ ಪುಸ್ತಕದಲ್ಲಿ ಮೊದಲು ವಾರಕ್ಕೆ ಎರಡು ದಿನ ಗೈರು, ಆಮೇಲೆ ನಾಲ್ಕು ದಿನ, ಆಮೇಲೆ ಹೆಸರಿನ ಮೇಲೆ ಒಂದು ಗೆರೆ. ಅವಳ ಹೆಸರು ಒಮ್ಮೆ ಶಬಾನಾ, ಒಮ್ಮೆ ಶರಣಮ್ಮ, ಒಮ್ಮೆ ತಾಂಡಾದ ಕಮಲಾಬಾಯಿ. ಕಬ್ಬು ಕಡಿಯಲು ಹೋದ ತಾಯ್ತಂದೆಯರ ಹಿಂದೆ ಹೋದವಳೂ ಇದ್ದಾಳೆ, ಹತ್ತನೆಯ ತರಗತಿಯ ಪರೀಕ್ಷೆಗೆ ತಿಂಗಳಿರುವಾಗ ಅರಿಶಿನ ಹಚ್ಚಿಸಿಕೊಂಡವಳೂ ಇದ್ದಾಳೆ. ಒಬ್ಬಳ ಮನೆಗೆ ನಾನು ಹೋಗಿ ಕೇಳಿದೆ. ಅವಳ ತಾಯಿ ಚಹಾ ಕೊಟ್ಟು, "ಟೀಚರ್, ನಿಮಗ ನೌಕರಿ ಅದ, ಮಾತಾಡ್ತೀರಿ" ಎಂದಳು. ಆ ಹುಡುಗಿ ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದಳು. ಮುಂದೆ ನಾನು ಮತ್ತೆ ಅವರ ಮನೆಗೆ ಹೋಗಲಿಲ್ಲ. ಇದೇ ಆಸಿಫಾ. ಇವಳ ಕತೆಯನ್ನು ಹಾಸನದಲ್ಲಿ ಕೂತು ಒಬ್ಬರು ಬರೆದರು, ಭಾಲ್ಕಿಯಲ್ಲಿ ಹಾಜರಿ ಹಾಕುತ್ತಿದ್ದ ನಾನು ಗೆರೆ ಎಳೆದೆ.

"ಮನಿ ಒಳಗಿಂದು ಬೀದಿಗಿ ತರಬಾರದು" ಎಂಬ ಎರಡನೆಯ ಮಾತಿಗೆ ನಾನೇ ಸಾಕ್ಷಿ, ನಾನೇ ಆರೋಪಿ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

1996ರಲ್ಲಿ ನಾನೊಂದು ಕತೆ ಬರೆದಿದ್ದೆ. ನಮ್ಮ ಅವ್ವನ ತಂಗಿ, ನನ್ನ ಚಿಕ್ಕವ್ವ, ಮೂರು ಸಲ ತವರಿಗೆ ಓಡಿ ಬಂದಿದ್ದಳು. ಮೂರು ಸಲವೂ ಮನೆಯ ಹಿರಿಯರು ಉಡಿ ತುಂಬಿ, ಬುದ್ಧಿ ಹೇಳಿ ಗಂಡನ ಮನೆಗೆ ಬಿಟ್ಟು ಬಂದರು. ನಾಲ್ಕನೆಯ ಸಲ ಅವಳು ತವರಿಗೆ ಬರಲಿಲ್ಲ, ಹೊಲದ ಬಾವಿಗೆ ಹೋದಳು. ಮನೆಯಲ್ಲಿ ಕಾಲು ಜಾರಿತು ಎನ್ನುತ್ತಿದ್ದರು. ನನಗೆ ಆಗ ಹತ್ತು ವರ್ಷ. ಅವಳ ಚಪ್ಪಲಿ ಬಾವಿಯ ದಂಡೆಯ ಮೇಲೆ ಜೋಡಿಸಿಟ್ಟಿತ್ತು. ಕಾಲು ಜಾರುವವಳು ಚಪ್ಪಲಿ ಜೋಡಿಸಿಡುತ್ತಾಳೆಯೇ? ಆ ಚಪ್ಪಲಿಗಾಗಿಯೇ ನಾನು ಕತೆ ಬರೆದೆ.

ಒಂದು ಸ್ಮರಣ ಸಂಚಿಕೆಗೆ ಕೊಟ್ಟೆ. ಅದರ ಜವಾಬ್ದಾರಿ ಹೊತ್ತಿದ್ದ ಹಿರಿಯರು ಮನೆಗೆ ಕರೆಸಿ ಪ್ರೀತಿಯಿಂದಲೇ ಹೇಳಿದರು: "ಭಾಷಾ ಚಂದ ಅದವ್ವ. ಖರೆ, ಆ ಬಾವಿ ತೆಗಿ. ನಿಮ್ಮ ಮನಿತನ ಎಲ್ಲರಿಗೂ ಗೊತ್ತದ." ನಾನು ಬಾವಿ ತೆಗೆದೆ. ಚಪ್ಪಲಿಯನ್ನೂ ತೆಗೆದೆ. ಅಚ್ಚಾದ ಕತೆಯಲ್ಲಿ ಗಂಡನಿಗೆ ತನ್ನ ತಪ್ಪು ತಿಳಿಯುತ್ತದೆ, ಅವನು ಮಲ್ಲಿಗೆ ತರುತ್ತಾನೆ, ಅವಳು ನಗುತ್ತ ಚಕ್ಕಡಿ ಏರುತ್ತಾಳೆ. ನಮ್ಮ ಅತ್ತೆಯವರು ಹೊಗಳಿದರು. ಸಹೋದ್ಯೋಗಿಗಳು ಪೇಢೆ ಕೇಳಿದರು. ಅವ್ವ ಮಾತ್ರ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಸಂಚಿಕೆಯನ್ನು ಮುಚ್ಚಿ ಮಾಡದಲ್ಲಿ ಇಟ್ಟು ರೊಟ್ಟಿ ಬಡಿಯಲು ಹೋದಳು. ಒಂದು ಮಾತೂ ಆಡಲಿಲ್ಲ. ಆಮೇಲೆ ನಾನು ಕತೆ ಬರೆದಿಲ್ಲ.

ನಾನು ಬಾವಿ ತೆಗೆದ ಮೂರು ವರ್ಷಕ್ಕೆ 'ಬೆಂಕಿ ಮಳೆ' ಬಂತು. ಅದನ್ನು ಬರೆದವರಿಗೂ ಮನೆತನ ಇತ್ತು, ಗಂಡ ಮಕ್ಕಳು ಇದ್ದರು, ಜಮಾತು ಇತ್ತು. ನನಗಿದ್ದಷ್ಟೇ ಅಂಜಿಕೆ ಇರಲಿಕ್ಕೂ ಸಾಕು. 2000ದಲ್ಲಿ ಮುಸ್ಲಿಂ ಹೆಣ್ಣುಮಕ್ಕಳಿಗೆ ಮಸೀದಿಯಲ್ಲಿ ಪ್ರಾರ್ಥಿಸುವ ಹಕ್ಕಿದೆ ಎಂದು ಹೇಳಿದುದಕ್ಕೆ ಅವರ ಮೇಲೆ ಫತ್ವಾ ಬಂತು, ಕುಟುಂಬಕ್ಕೆ ಮೂರು ತಿಂಗಳು ಬಹಿಷ್ಕಾರ. ಬೆದರಿಕೆಯ ಫೋನುಗಳು. ಒಬ್ಬಾತ ಚಾಕು ಹಿಡಿದು ಬಂದ, ಗಂಡ ತಡೆದರು. ಅವರು ತೆಗೆಯಬೇಕಾಗಿದ್ದುದೂ ಒಂದು ಬಾವಿಯನ್ನಷ್ಟೇ. ತೆಗೆಯಲಿಲ್ಲ.

'ಕರಿ ನಾಗರಗಳು' ಕತೆಯಲ್ಲಿ ಗಂಡ ಬಿಟ್ಟುಹೋದ ಬಡ ಹೆಂಗಸು ಕಾಯಿಲೆಯ ಕೂಸನ್ನು ಎತ್ತಿಕೊಂಡು ನ್ಯಾಯಕ್ಕಾಗಿ ಮಸೀದಿಯ ಬಾಗಿಲಲ್ಲಿ ಕೂರುತ್ತಾಳೆ. ಮುತವಲ್ಲಿಗೆ ಅವಳು ಕಾಣುವುದಿಲ್ಲ, ಕೂಸು ಸಾಯುತ್ತದೆ. ಆಗ ಮೊಹಲ್ಲಾದ ಹೆಂಗಸರೆಲ್ಲ ಆ ಮನುಷ್ಯನನ್ನು ಶಪಿಸುತ್ತಾರೆ. ಅವನ ಸ್ವಂತ ಹೆಂಡತಿ ಅವನನ್ನು ಕೇಳದೆ ಆಪರೇಷನ್ ಮಾಡಿಸಿಕೊಳ್ಳಲು ಆಸ್ಪತ್ರೆಗೆ ಹೊರಡುತ್ತಾಳೆ. ಗಿರೀಶ ಕಾಸರವಳ್ಳಿಯವರು ಇದನ್ನೇ 2004ರಲ್ಲಿ 'ಹಸೀನಾ' ಸಿನಿಮಾ ಮಾಡಿದರು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಈ ಕತೆಯಲ್ಲಿ ಧರ್ಮವನ್ನು ಬೈದಿಲ್ಲ. ಧರ್ಮ ಹೆಣ್ಣಿಗೆ ಕೊಟ್ಟದ್ದನ್ನು ನೀವು ಕೊಡಲಿಲ್ಲ ಎಂದು ಕೇಳಿದೆ. ಹಾಗೆ ಕೇಳುವುದು ನಮ್ಮ ಪಕ್ಕದ ಬಸವಕಲ್ಯಾಣಕ್ಕೆ ಹೊಸದೇ? ಅಕ್ಕಮಹಾದೇವಿಯ ಫೋಟೋಕ್ಕೆ ಹಾರ ಹಾಕಿ ನಮ್ಮ ಬಳಗದ ಸಭೆ ಶುರುವಾಗುತ್ತದೆ. ಆ ತಾಯಿ ಅರಮನೆಯ ಒಳಗಿನದನ್ನು ಬೀದಿಗೆ ತಂದವಳಲ್ಲವೇ? ಬೀದಿಗೆ ತರದಿದ್ದರೆ ನಾವು ಹಾರ ಹಾಕುವುದು ಯಾರಿಗೆ?

ಅದೇ 2025ರಲ್ಲಿ ಮೈಸೂರು ದಸರಾ ಉದ್ಘಾಟನೆಗೆ ಸರ್ಕಾರ ಬಾನು ಅವರನ್ನು ಕರೆಯಿತು. ಈ ಸಲ ಬೇಡವೆಂದವರು ಬೇರೆ ಮಂದಿ. ಪ್ರಕರಣ ಉಚ್ಚ ನ್ಯಾಯಾಲಯಕ್ಕೆ ಹೋಯಿತು, ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಎರಡೂ ಕಡೆ ತಕರಾರು ಬಿದ್ದುಹೋಯಿತು. ಸೆಪ್ಟೆಂಬರ್ 22ರಂದು ಅವರು ಚಾಮುಂಡಿ ಬೆಟ್ಟಕ್ಕೆ ಹೋಗಿ ಉದ್ಘಾಟಿಸಿದರು. ಆ ದಿನಗಳಲ್ಲಿ ನಮ್ಮ ಬಳಗದ ವಾಟ್ಸಾಪಿನಲ್ಲಿ ಬಂದ ಸಂದೇಶಗಳನ್ನು ನಾನು ಇಲ್ಲಿ ಬರೆಯಲಾರೆ. ಜೂನ್ ತಿಂಗಳಿನಲ್ಲಿ ಅಭಿನಂದನೆಯ ನಿರ್ಣಯಕ್ಕೆ ಚಪ್ಪಾಳೆ ಹೊಡೆದ ಕೈಗಳೇ ಅವನ್ನು ಒಬ್ಬರಿಂದೊಬ್ಬರಿಗೆ ದಾಟಿಸಿದವು. ತಮ್ಮ ಕವಿತೆಗಳ ಪುಸ್ತಕಕ್ಕೆ 'ಒದ್ದೆ ಕಣ್ಣಿನ ಬಾಗಿನ' ಎಂದು ಹೆಸರಿಟ್ಟ ಹೆಣ್ಣುಮಗಳಿಗೆ ಬಾಗಿನದ ಮರ್ಯಾದೆ ಗೊತ್ತಿಲ್ಲವೆಂದು ಬರೆದವರೂ ಇದ್ದರು. ಅವರ ಯಾವುದೋ ಹಳೆಯ ಭಾಷಣದ ಮಾತು ನನಗೂ ಒಪ್ಪಿಗೆಯಾಗದಿರಬಹುದು, ಅದನ್ನು ವಾದಿಸೋಣ. ಆದರೆ 2000ದಲ್ಲಿ ಬಾಗಿಲು ಹಾಕಿದವರನ್ನೂ 2025ರಲ್ಲಿ ಬಾಗಿಲು ಹಾಕಲು ಹೋದವರನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಯಾರು ಯಾರೆಂದು ಗುರುತು ಹಿಡಿಯುವುದು ನನಗೆ ಕಷ್ಟವಾಗುತ್ತದೆ. ಅವರಿಬ್ಬರೂ ಬೇರೆ ಯಾವ ವಿಷಯದಲ್ಲೂ ಒಂದೇ ಪಂಕ್ತಿಯಲ್ಲಿ ಕೂರುವವರಲ್ಲ.

ನಾನು ಆ ಸಂದೇಶಗಳಿಗೆ ಏನು ಉತ್ತರ ಕೊಟ್ಟೆ ಎಂದು ನೀವು ಕೇಳಬಹುದು. ಮೂರು ದಿನ ಸುಮ್ಮನಿದ್ದೆ. ನಾಲ್ಕನೆಯ ದಿನ ನನ್ನ ಹತ್ತಿರವಿದ್ದ ಪುಸ್ತಕದ ಮುಖಪುಟದ ಫೋಟೋ ಹಾಕಿ, "ಓದಿದವರು ಮಾತ್ರ ಬರೆಯಿರಿ" ಎಂದು ಒಂದು ಸಾಲು ಬರೆದೆ. ಇಬ್ಬರು ಬಳಗ ಬಿಟ್ಟರು. ಒಬ್ಬರು ಫೋನು ಮಾಡಿ, "ಟೀಚರ್, ರಿಟೈರ್ ಆಗೂ ವಯಸ್ಸಿನಾಗ ಇದೆಲ್ಲ ನಿಮಗ್ಯಾಕ ಬೇಕ್ರಿ" ಎಂದರು. ಅದು ಪ್ರೀತಿಯೋ ಎಚ್ಚರಿಕೆಯೋ ತಿಳಿಯಲಿಲ್ಲ. 1996ರ ಹಿರಿಯರ ದನಿಯೂ ಹೀಗೇ ಇತ್ತು.

ದೀಪಾವಳಿ ರಜೆಯಲ್ಲಿ ನನ್ನ ಸಂಬಳದಿಂದ ಮೂರು ಪ್ರತಿ ಕತೆಪುಸ್ತಕ ತರಿಸಿದೆ. ಒಂದನ್ನು ಸಭೆಯಲ್ಲಿ ಅರ್ಧ ಕೈ ಎತ್ತಿದ ಹುಡುಗಿಗೆ ಕೊಟ್ಟೆ. ಒಂದನ್ನು ಶಾಲೆಯ ಕಪಾಟಿನಲ್ಲಿ, ಬೀಗ ಹಾಕದ ಖಾನೆಯಲ್ಲಿ ಇಟ್ಟಿದ್ದೇನೆ. ಮೂರನೆಯದನ್ನು ವೈನಿಯ ಮನೆಗೆ ಹೋಗಿ, ಕುಂಕುಮ ಹಚ್ಚಿಸಿಕೊಂಡು ಏಳುವಾಗ ಟೀಪಾಯಿಯ ಮೇಲೆ ಇಟ್ಟು ಬಂದೆ. "ಒಂದೇ ಕತಿ ಓದ್ರಿ ವೈನಿ. ಸೇರದಿದ್ದರ ವಾಪಸ್ ಕೊಡ್ರಿ" ಎಂದೆ. "ಕಣ್ಣು ಕಾಣ್ಸಲ್ಲವ್ವ ನನಗ" ಎಂದರು.

ಎಳ್ಳಮಾಸಿ ಬಂತು. ಹೊಲಕ್ಕೆ ಹೋಗಿ ಭಜ್ಜಿ ಉಂಡು ಬಂದ ಸಂಜೆ ವೈನಿಯ ಸೊಸೆಯ ಫೋನು ಬಂತು. ಎರಡು ವರ್ಷದ ಹಿಂದೆ ಮದುವೆಯಾಗಿ ಬಂದ ಹುಡುಗಿ, ನನ್ನ ಜೊತೆ ಎಂದೂ ಹತ್ತು ಮಾತು ಆಡಿದವಳಲ್ಲ. ದನಿ ತಗ್ಗಿಸಿ ಮಾತಾಡಿದಳು. "ಟೀಚರ್, ಆ ಪುಸ್ತಕ ಅತ್ತಿಯವರು ನನ್ನ ಕಡೆಯಿಂದ ದಿನಾ ಮಧ್ಯಾಹ್ನ ಓದಸ್ಲತ್ತಾರ. ಮಾವನವರು ಮಲಗಿದ ಮ್ಯಾಲ. ನಿನ್ನೆ ಆ ಸೀಮೆಎಣ್ಣಿ ಕತಿ ಓದಿದೆ. ಓದಿ ಮುಗಿದ ಮ್ಯಾಲ ಅವರು ತಮ್ಮ ತಂಗಿ ಹೆಸರು ಹಿಡಿದು ಏನೋ ಅಂದರು. ಅವರಿಗಿ ತಂಗಿ ಇದ್ದರು ಅಂತ ನನಗ ಗೊತ್ತೇ ಇರ್ಲಿಲ್ರಿ."

ಪುಸ್ತಕ ಇನ್ನೂ ವಾಪಸು ಬಂದಿಲ್ಲ.